ಕಸದಿಂದ ರಸ ತೆಗೆಯಲು ಅಂಗಡಿಗೆ ಯಾಕೆ ಹೋಗಬೇಕು?

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ಈಗ ‘ಗ್ರಾಟಿಟ್ಯೂಡ್ ಜಾರ್’ ಮಾಡಿಸುವ ಪ್ರಾಜೆಕ್ಟ್ ಶುರುವಾಗಿದೆ. ಒಂದು ಡಬ್ಬಿಯನ್ನು ಚೆಂದಗೊಳಿಸಿ, ಆಗಾಗ ಯಾರಿಗಾದರೂ ಥ್ಯಾಂಕ್ಸ್ ಹೇಳುವ ಚೀಟಿ ಬರೆದು ಅದರಲ್ಲಿ ಹಾಕುವುದು. ‘ಕಸದಿಂದ ರಸ’ ಅಂತ ಹೆಸರು. ಐಡಿಯಾಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಮಗಳು ಡೈರಿಯಲ್ಲಿ ಬರೆದುಕೊಂಡು ಬಂದ ಪಟ್ಟಿ ಕೇಳಿ: ಗಾಜಿನ ಜಾರ್, ಗ್ಲಿಟರ್ ಶೀಟ್, ಸ್ಯಾಟಿನ್ ರಿಬ್ಬನ್, ಥರ್ಮಾಕೋಲ್ ಹೂವು. ಎಲ್ಲವೂ ಅಂಗಡಿಯಿಂದಲೇ ಬರಬೇಕು. ಇದರಲ್ಲಿ ಕಸ ಯಾವುದು, ರಸ ಯಾವುದು? ಸ್ಟೇಷನರಿ ಅಂಗಡಿಯವರಿಗೆ ರಸ, ಪರೀಕ್ಷೆ ಮುಗಿದ ಮೇಲೆ ನಮ್ಮ ಮನೆಗೆ ಕಸ.

ಅದರಲ್ಲೂ ಥರ್ಮಾಕೋಲ್! ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದಲೇ ದೇಶದೆಲ್ಲೆಡೆ ನಿಷೇಧ ಆಗಿದೆ, ಪ್ಲಾಸ್ಟಿಕ್ ಸ್ಟ್ರಾ ಇರುವ ಪಟ್ಟಿಯಲ್ಲೇ ಅದೂ ಇದೆ. ಗ್ಲಿಟರ್ ಕೂಡ ಹೆಚ್ಚಾಗಿ ಪ್ಲಾಸ್ಟಿಕ್ ಪುಡಿಯೇ. ಬಿಡಿ ಗ್ಲಿಟರ್ ಮಾರಾಟಕ್ಕೆ ಯುರೋಪ್ ಒಕ್ಕೂಟ 2023ರ ಅಕ್ಟೋಬರ್‌ನಲ್ಲಿ ಕಡಿವಾಣ ಹಾಕಿತು. ನಾವಿಲ್ಲಿ ಅದನ್ನೇ ಪರಿಸರದ ಪ್ರಾಜೆಕ್ಟಿಗೆ ಅಂಟಿಸಿ ಮಾರ್ಕ್ಸ್ ತಗೊಳ್ಳುತ್ತೇವೆ.

ನಾವು ಏನೂ ಕೊಳ್ಳದೆ ಮಾಡಿದೆವು. ಖಾಲಿಯಾದ ಉಪ್ಪಿನಕಾಯಿ ಬಾಟಲಿ ಯಾರ ಮನೆಯಲ್ಲಿಲ್ಲ ಹೇಳಿ? ಬಿಸಿನೀರಲ್ಲಿ ನೆನೆಸಿಟ್ಟರೆ ಲೇಬಲ್ ತಾನಾಗೇ ಬಿಡುತ್ತದೆ. ಉಳಿದ ಅಂಟಿಗೆ ಅಡುಗೆ ಎಣ್ಣೆಯಲ್ಲಿ ಸೋಡಾಪುಡಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಸಾಕು. ಆಮೇಲೆ ಸೋಪು ಹಾಕಿ ಎಣ್ಣೆಜಿಡ್ಡು ಪೂರ್ತಿ ಹೋಗುವ ಹಾಗೆ ತೊಳೆಯಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. ಮುಚ್ಚಳದ ವಾಸನೆಯೇ ದೊಡ್ಡ ತಲೆನೋವು. ಬಿಸಿಲಿಗಿಟ್ಟು, ರಾತ್ರಿ ಒಳಗೆ ಹಳೇ ಪೇಪರ್ ತುರುಕಿ (ನಿಮ್ಮ ಪತ್ರಿಕೆಯೇ, ಬೇಜಾರಾಗಬೇಡಿ) ಮುಚ್ಚಿಟ್ಟೆವು, ಸುಮಾರಾಗಿ ಹೋಯಿತು. ಒಳಗೆ ತೇವ ಮಾತ್ರ ಇರಬಾರದು, ಚೀಟಿಗಳಿಗೆ ಬೂಸ್ಟು ಹಿಡಿಯುತ್ತದೆ.

ಅಲಂಕಾರಕ್ಕೆ ಬೀದರಿನವರು ದೂರ ಯೋಚಿಸಬೇಕಾಗಿಲ್ಲ, ಕಪ್ಪು ಲೋಹದಲ್ಲಿ ಬೆಳ್ಳಿ ಚಿತ್ತಾರ ಕೂರಿಸುವ ನಮ್ಮೂರಿನ ಬಿದರಿ ಕಲೆಯೇ ಇದೆಯಲ್ಲ. ಕಿಟಕಿ ಸರಳಿಗೆ ಹೊಡೆದು ಉಳಿದ ಕಪ್ಪು ಪೇಂಟ್ ಮನೆಯಲ್ಲಿತ್ತು. ಅದನ್ನು ತೆಳ್ಳಗೆ ಎರಡು ಸಲ ಬಳಿದೆವು, ಚೀಟಿ ಕಾಣಲಿ ಅಂತ ಒಂದು ಪಟ್ಟಿಯಷ್ಟು ಗಾಜು ಹಾಗೇ ಬಿಟ್ಟು. ಬೆಳ್ಳಿಯ ಕೆಲಸಕ್ಕೆ ಚಾಕೊಲೇಟಿನ ಫಾಯಿಲ್. ಮುದುಡಿದ ಫಾಯಿಲನ್ನು ಚಮಚದ ಹಿಂಬದಿಯಿಂದ ತೀಡಿದರೆ ನುಣ್ಣಗಾಗುತ್ತದೆ. ಸಣ್ಣ ಕತ್ತರಿಯಲ್ಲಿ ಬಳ್ಳಿ, ಎಲೆ, ನಕ್ಷತ್ರ ಕತ್ತರಿಸಿ ಫೆವಿಕಾಲ್ ಹಚ್ಚಿ ಕೂರಿಸಿ, ಖಾಲಿ ರೀಫಿಲ್ ತುದಿಯಿಂದ ಚುಕ್ಕಿ ಒತ್ತಿದಳು ಮಗಳು. ಬಾಟಲಿಯ ಕುತ್ತಿಗೆಗೆ ಅಜ್ಜಿಯ ಹಳೇ ಸೀರೆಯ ಜರಿ ಅಂಚು. ಚೀಟಿಗೆ ಲಗ್ನಪತ್ರಿಕೆಗಳ ಖಾಲಿ ಬದಿ. ನಮ್ಮ ಕಡೆ ಲಗ್ನಪತ್ರಿಕೆಗೆ ಬರವೇ ಇಲ್ಲ ಅಲ್ವಾ!

ಇದನ್ನು ಬಿದರಿ ಅಂತ ಕರೆದರೆ ತಪ್ಪಾಗುತ್ತದೆ, ಅದನ್ನೂ ಮಗಳಿಗೆ ಹೇಳಿದೆ. ನಿಜವಾದ ಬಿದರಿಯಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಉಳಿಯಿಂದ ಚಿತ್ತಾರ ಕೊರೆದು ಅದರೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ (ಒಂದು ಬಗೆಯ ಲವಣ) ಕಲಸಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ಕೆಲಸಕ್ಕೇ. ಇಷ್ಟು ವಿಷಯ ಒಂದು ಉಪ್ಪಿನಕಾಯಿ ಬಾಟಲಿಯ ನೆಪದಲ್ಲಿ ಮಾತಿಗೆ ಬಂತು. ಗ್ಲಿಟರ್ ಶೀಟ್ ತಂದಿದ್ದರೆ ಬರುತ್ತಿರಲಿಲ್ಲ.

ಇನ್ನು ಚೀಟಿಗಳ ವಿಷಯ. ನನಗೆ ಜಾಸ್ತಿ ಸಿಟ್ಟು ಇರುವುದು ಇಲ್ಲೇ. ಜಾರ್ ಶಾಲೆಗೆ ತರಬೇಕು, ಟೀಚರ್ ಚೀಟಿ ತೆಗೆದು ಓದಿ ಅಂಕ ಕೊಡುತ್ತಾರಂತೆ. ಹೀಗಾದರೆ ಮಕ್ಕಳು ಏನು ಬರೆಯುತ್ತಾರೆ? ‘ನನ್ನ ಪ್ರೀತಿಯ ಶಿಕ್ಷಕರಿಗೆ ವಂದನೆಗಳು’ ಅಂತ ಮೂವತ್ತು ಮಕ್ಕಳೂ ಒಂದೇ ಸಾಲು. ಮನೆಯಲ್ಲಿ ಯಾರೂ ನೋಡುವುದಿಲ್ಲ ಅಂದಾಗ ಬರೆಯುವುದೇ ಬೇರೆ. ಆಮೇಲೆ ಮಗಳು ತಾನೇ ಕೆಲವು ಓದಿ ತೋರಿಸಿದಳು: ‘ನಳಕ್ಕೆ ನೀರು ಬಂತು, ಅಮ್ಮ ಇವತ್ತು ಬೈಲಿಲ್ಲ.’ ‘ಕಂಡಕ್ಟರ್ ಅಂಕಲ್ ಮರೆಯದೆ ಚಿಲ್ಲರೆ ಕೊಟ್ಟರು.’ ಅವರಪ್ಪನದೂ ಒಂದಿತ್ತು, ಸ್ಕೂಟರ್ ಒಂದೇ ಕಿಕ್‌ಗೆ ಸ್ಟಾರ್ಟ್ ಆಯಿತು ಅಂತ. ಇಂಥವಕ್ಕೆ ಹತ್ತಕ್ಕೆ ಎಷ್ಟು ಕೊಡುತ್ತೀರಿ?

ಇದರಿಂದ ಉಪಯೋಗ ಇದೆಯಾ ಅಂತ ಕೇಳುವವರಿಗೆ: ಅಮೆರಿಕದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲೋ ಎಂಬ ಮನಃಶಾಸ್ತ್ರಜ್ಞರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ವಾರಕ್ಕೊಮ್ಮೆ ಇಂಥ ಸಂಗತಿಗಳನ್ನು ಬರೆದಿಟ್ಟ ವಿದ್ಯಾರ್ಥಿಗಳು, ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇದೆ ಅಂದಿದ್ದರು. ಗಮನಿಸಿ, ವಾರಕ್ಕೊಮ್ಮೆ. ದಿನಾ ಒಂದು ಚೀಟಿ ಕಡ್ಡಾಯ ಮಾಡಿದರೆ ಅದು ಇನ್ನೊಂದು ಹೋಂವರ್ಕ್ ಅಷ್ಟೇ.

ಹಾಗಾಗಿ ಶಿಕ್ಷಕರಲ್ಲಿ ಕೇಳುವುದಿಷ್ಟೇ. ಡೈರಿಯಲ್ಲಿ ‘ಅಂಗಡಿಯಿಂದ ಏನೂ ತರಬಾರದು’ ಅಂತ ಒಂದು ಸಾಲು ಬರೆಸಿ. ಅಂಕ ಕೊಡಲೇಬೇಕಿದ್ದರೆ ಕೈಕೆಲಸಕ್ಕೆ ಕೊಡಿ, ಮುಚ್ಚಳ ತೆಗೆಯಬೇಡಿ. ಇನ್ನು ಸಂಪಾದಕರೇ, ನಿಮ್ಮ ಮಕ್ಕಳ ಪುಟದಲ್ಲಿ ಮನೆಯ ಸಾಮಾನಿನಿಂದಲೇ ಮಾಡಿದ ಇಂಥ ಡಬ್ಬಿಗಳ ಫೋಟೊ ಹಾಕಲು ಸ್ವಲ್ಪ ಜಾಗ ಕೊಟ್ಟರೆ, ಪಟ್ಟಿ ಹಿಡಿದು ಅಂಗಡಿಗೆ ಓಡುವ ನನ್ನಂಥ ಪಾಲಕರು ಒಂದಿಷ್ಟಾದರೂ ಕಡಿಮೆಯಾದಾರು.

– ಒಬ್ಬ ಪಾಲಕಿ, ಬೀದರ್