ಗುಮ್ಮಟದ ಕೆಳಗಿನ ಮೂಲೆಯನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಪ್ರವಾಸ ಪುರವಣಿಗಳಲ್ಲಿ ಹಳೆಯ ಮಸೀದಿಯೋ ಗೋರಿಯೋ ಬಂದಾಗಲೆಲ್ಲ ಒಂದು ಸಾಲು ತಪ್ಪದೆ ಇರುತ್ತದೆ: ‘ಗುಮ್ಮಟ, ಕಮಾನು, ಮಿನಾರುಗಳಿಂದ ಕೂಡಿದ ಇಸ್ಲಾಮಿಕ್ ಶೈಲಿಯ ಭವ್ಯ ಕಟ್ಟಡ.’ ಜೆರುಸಲೇಮಿನ ಬಂಡೆಯ ಗುಮ್ಮಟಕ್ಕೂ (ಡೋಮ್ ಆಫ್ ದ ರಾಕ್) ಅದೇ ಸಾಲು, ಇಸ್ತಾಂಬುಲಿನ ಸುಲೇಮಾನಿಯೆ ಮಸೀದಿಗೂ ಅದೇ, ವಿಜಯಪುರದ ಗೋಳಗುಮ್ಮಟಕ್ಕೂ ಅದೇ. ಮೊದಲನೆಯದು 7ನೇ ಶತಮಾನದ ಕೊನೆಯದು, ಮೂರನೆಯದು 17ನೇ ಶತಮಾನದ ನಡುವಿನದು. ಒಂದರ ಗುಮ್ಮಟ ಮರದ್ದು, ಇನ್ನೊಂದರದು ಸೀಸದ ಹಾಳೆ ಹೊದಿಸಿದ ಇಟ್ಟಿಗೆಯದು, ಮತ್ತೊಂದು ಸುಣ್ಣದ ಗಾರೆಯಲ್ಲಿ ಇಟ್ಟಿಗೆ ಹೂತು ಕಟ್ಟಿದ ಗಟ್ಟಿ ಚಿಪ್ಪು. ಮೂರನ್ನೂ ಒಂದೇ ಹೆಸರಿನ ಚೀಲಕ್ಕೆ ತುಂಬಿದರೆ ಓದುಗನಿಗೆ ಸಿಗುವುದೇನು?

ಕಟ್ಟಿದವರ ಮುಂದಿದ್ದ ತೊಡಕೇನು, ಅದನ್ನು ಅವರು ಹೇಗೆ ಬಿಡಿಸಿಕೊಂಡರು ಎಂದು ಎರಡು ಸಾಲಿನಲ್ಲಿ ಹೇಳಿದರೆ ಚಿತ್ರವೇ ಬದಲಾಗುತ್ತದೆ. ದೊಡ್ಡ ತೊಡಕು ಇದು: ಕೋಣೆ ಚೌಕ, ಗುಮ್ಮಟದ ಬುಡ ದುಂಡು. ನಾಲ್ಕು ಗೋಡೆಗಳ ನಡುಭಾಗದಲ್ಲಿ ದುಂಡಗಿನ ಬುಡಕ್ಕೆ ಆಸರೆ ಸಿಗುತ್ತದೆ, ನಾಲ್ಕು ಮೂಲೆಗಳಲ್ಲಿ ಅದರ ಕೆಳಗೆ ಬರಿಯ ಗಾಳಿ. ಆ ಮೂಲೆಗಳನ್ನು ಏನು ಮಾಡಿದರು ಎಂದು ನೋಡಿದರೆ ಕಟ್ಟಡ ಯಾವ ನಾಡಿನದು, ಯಾವ ಕಾಲದ್ದು ಎಂಬುದು ಮುಕ್ಕಾಲು ಪಾಲು ತಿಳಿಯುತ್ತದೆ. ಹೊರಗಿನಿಂದ ತೆಗೆದ ಫೋಟೊದಲ್ಲಿ ಮಾತ್ರ ಅದು ಕಾಣುವುದೇ ಇಲ್ಲ.

ಉಮಯ್ಯದ್ ಖಲೀಫ ಅಬ್ದುಲ್ ಮಲಿಕನ ಕಾಲದಲ್ಲಿ, ಸುಮಾರು 691ರಲ್ಲಿ ಮುಗಿದ ಬಂಡೆಯ ಗುಮ್ಮಟದಲ್ಲಿ ಈ ತೊಡಕನ್ನು ಹತ್ತಿರಕ್ಕೇ ಬಿಟ್ಟುಕೊಂಡಿಲ್ಲ. ಹೊರಗೋಡೆ ಎಂಟು ಮೂಲೆಯದು, ಗುಮ್ಮಟ ಕೂತಿರುವುದು ಒಳಗೆ 4 ದಪ್ಪ ಕಂಬಗಳನ್ನೂ 12 ಸಣ್ಣ ಕಂಬಗಳನ್ನೂ ದುಂಡಗೆ ನಿಲ್ಲಿಸಿದ ಸಾಲಿನ ಮೇಲೆ. ದುಂಡಿನ ಮೇಲೆ ದುಂಡು, ಮೂಲೆಯ ಮಾತೇ ಇಲ್ಲ. ಗುಮ್ಮಟ ಮರದ ಎರಡು ಚಿಪ್ಪಿನದಾದ್ದರಿಂದ ಭಾರವೂ ಕಡಿಮೆ. ಬೈಜಾಂಟಿಯಂನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಕೆಲಸಗಾರಿಕೆಯ ಗುರುತು ಅದರ ಮೊಸಾಯಿಕ್‌ನಲ್ಲಿ ಎದ್ದು ಕಾಣುತ್ತದೆ.

ಇರಾನ್ ಮತ್ತು ಮಧ್ಯ ಏಷ್ಯಾದವರಿಗೆ ಮರ ದುರ್ಲಭ, ಇಟ್ಟಿಗೆ ಯಥೇಚ್ಛ. ಅವರು ಮೂಲೆಗೆ ಅಡ್ಡಲಾಗಿ ಒಂದು ಸಣ್ಣ ಕಮಾನು ಕಟ್ಟಿದರು. ಇದಕ್ಕೆ ಸ್ಕ್ವಿಂಚ್ ಎನ್ನುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ಕಮಾನು ಬಿದ್ದರೆ ಚೌಕ ಎಂಟು ಮೂಲೆಯಾಗುತ್ತದೆ, ಅದರ ಮೇಲೆ ಇನ್ನೊಂದು ಸಾಲು ಕಟ್ಟಿದರೆ ಹದಿನಾರು ಮೂಲೆ, ಅಲ್ಲಿಂದ ದುಂಡಿಗೆ ದೂರವಿಲ್ಲ. ಬುಖಾರಾದ ಸಾಮಾನಿ ಗೋರಿಯಲ್ಲಿ (10ನೇ ಶತಮಾನ) ಈ ಉಪಾಯ ಆಗಲೇ ಪಳಗಿದೆ. ಇಸ್ಫಹಾನಿನ ಜುಮ್ಮಾ ಮಸೀದಿಯಲ್ಲಿ 1088ರ ಸುಮಾರಿಗೆ ಕಟ್ಟಿದ ಉತ್ತರದ ಗುಮ್ಮಟದಲ್ಲಿ ಅದು ಆಗ ಇರಾನನ್ನು ಆಳುತ್ತಿದ್ದ ಸೆಲ್ಜೂಕರ ಕೈಯಲ್ಲಿ ತುದಿ ಮುಟ್ಟಿತು. ಮೂಲೆಗಮಾನನ್ನೇ ಮೂರು ಎಸಳಾಗಿ ಒಡೆದು, ಕೆಳಗಿನ ಗೋಡೆಯ ಪ್ರತಿ ಗೆರೆಯೂ ಮೇಲಿನ ಒಂದು ಗೆರೆಗೆ ನೇರ ಹೋಗಿ ಸೇರುವಂತೆ ಕೂರಿಸಿದ್ದಾರೆ. ಬಣ್ಣವಿಲ್ಲ, ಹೆಂಚಿಲ್ಲ, ಬರಿಯ ಇಟ್ಟಿಗೆ. ಅದೇ ಊರಿನ ನೀಲಿ ಗುಮ್ಮಟಗಳಿಗಿಂತ ಇದೇ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಆಟೊಮನ್ನರ ಕಣ್ಣೆದುರು ಇದ್ದದ್ದು ಬೇರೆಯದೇ ಮಾದರಿ, ಬೈಜಾಂಟಿಯಂನವರು ಇಸ್ತಾಂಬುಲಿನಲ್ಲಿ ಕಟ್ಟಿದ್ದ ಇಗರ್ಜಿ ಹಾಗಿಯಾ ಸೋಫಿಯಾ. ಅಲ್ಲಿ ಮೂಲೆ ತುಂಬಿರುವುದು ಪೆಂಡೆಂಟಿವ್, ಅಂದರೆ ದೊಡ್ಡ ಗೋಳವೊಂದರ ಮೈಯಿಂದ ಕತ್ತರಿಸಿ ತೆಗೆದಂಥ ಬಾಗಿದ ತ್ರಿಕೋನ. ಅದರ ಚೂಪು ತುದಿ ಕಂಬದ ಮೇಲೆ, ಅಗಲದ ಅಂಚು ಗುಮ್ಮಟದ ಕೆಳಗೆ. 537ರಲ್ಲಿ ಮುಗಿದ ಆ ಗುಮ್ಮಟ 558ರಲ್ಲಿ ಕುಸಿದು, ಇನ್ನಷ್ಟು ಎತ್ತರದ ಬಾಗಿನೊಂದಿಗೆ ಮತ್ತೆ ಎದ್ದಿತು. ಹಾಗೇಕಾಯಿತು ಎಂದು ತಿಳಿಯದೆ ಆಟೊಮನ್ನರ ಪ್ರಧಾನ ವಾಸ್ತುಶಿಲ್ಪಿ ಸಿನಾನನ ಕೆಲಸ ಅರ್ಥವಾಗುವುದಿಲ್ಲ.

ಅರ್ಧಗೋಳದ ಗುಮ್ಮಟ ತನ್ನ ಭಾರಕ್ಕೆ ತಾನೇ ಕುಗ್ಗುವಾಗ ನೆತ್ತಿಯ ಭಾಗ ಒತ್ತಿಕೊಳ್ಳುತ್ತದೆ, ಬುಡದ ಭಾಗ ಹೊರಕ್ಕೆ ಹಿಗ್ಗಲು ನೋಡುತ್ತದೆ. ಸಮದಪ್ಪದ ಚಿಪ್ಪಿನಲ್ಲಿ ಈ ಬದಲಾವಣೆ ನೆತ್ತಿಯಿಂದ ಸುಮಾರು 52 ಡಿಗ್ರಿ ಕೆಳಗೆ ಆಗುತ್ತದೆ. ಇಟ್ಟಿಗೆ ಮತ್ತು ಗಾರೆ ಒತ್ತನ್ನು ತಡೆಯುತ್ತವೆ, ಎಳೆತವನ್ನು ತಡೆಯುವುದಿಲ್ಲ. ಹಾಗಾಗಿ ಬಿರುಕುಗಳು ಬುಡದಲ್ಲಿ ಹುಟ್ಟಿ ನೆಟ್ಟಗೆ ಮೇಲಕ್ಕೆ ಏರುತ್ತವೆ, ಕಿತ್ತಳೆ ತೊಳೆ ಬಿಡಿಸಿದ ಹಾಗೆ. ಗುಮ್ಮಟ ಹೆಚ್ಚು ಚಪ್ಪಟೆಯಾದಷ್ಟೂ ಹೊರದೂಡುವ ಬಲ ಹೆಚ್ಚು. ಇದಕ್ಕೆ ಮದ್ದು ಕೆಲವೇ: ಬುಡ ದಪ್ಪ ಮಾಡುವುದು, ಕಬ್ಬಿಣ ಅಥವಾ ಮರದ ಪಟ್ಟಿ ಬಿಗಿಯುವುದು, ಕಂಬದ ನೆತ್ತಿಗೆ ಭಾರ ಹೇರುವುದು, ಪಕ್ಕಕ್ಕೆ ಇನ್ನೊಂದು ಆನಿಕೆ ಕೊಡುವುದು, ಇಲ್ಲವೇ ಗುಮ್ಮಟವನ್ನೇ ಚೂಪಾಗಿಸುವುದು.

ಸಿನಾನ್ ಇವುಗಳಲ್ಲಿ ಹಲವನ್ನು ಒಟ್ಟಿಗೆ ಬಳಸಿದ. ಸುಲೇಮಾನಿಯೆಯಲ್ಲಿ (1550–1557) ಸುಮಾರು 26.5 ಮೀಟರ್ ಅಗಲದ ಗುಮ್ಮಟಕ್ಕೆ ಹಿಂದೆ ಮುಂದೆ ಎರಡು ಅರ್ಧಗುಮ್ಮಟಗಳ ಆನಿಕೆ. ಉಳಿದೆರಡು ಪಕ್ಕಗಳಲ್ಲಿ ಆನುಗೋಡೆಗಳನ್ನು ಅರ್ಧ ಒಳಗೆ, ಅರ್ಧ ಹೊರಗೆ ಬರುವಂತೆ ಗೋಡೆಯಲ್ಲೇ ಸೇರಿಸಿ, ನಡುವೆ ಮೊಗಸಾಲೆ ಹರಿಸಿ ಕಣ್ಣಿಗೆ ಬೀಳದಂತೆ ಮಾಡಿದ. ಕಂಬಗಳ ನೆತ್ತಿಯ ಮೇಲಿನ ಗೋಪುರಗಳು ಬರಿಯ ಅಲಂಕಾರವಲ್ಲ, ಪಕ್ಕಕ್ಕೆ ಹೋಗುವ ಬಲವನ್ನು ಕೆಳಕ್ಕೆ ತಿರುಗಿಸುವ ಭಾರ. ಎದಿರ್ನೆಯ ಸೆಲಿಮಿಯೆ ಮಸೀದಿಯಲ್ಲಿ (1568ರಲ್ಲಿ ಆರಂಭ) ನಾಲ್ಕು ಕಂಬ ಬಿಟ್ಟು ಎಂಟು ಕಂಬ ನಿಲ್ಲಿಸಿ, 31 ಮೀಟರ್ ದಾಟಿದ ಗುಮ್ಮಟವನ್ನು ಒಂದೇ ಅಖಂಡ ಜಾಗದ ಮೇಲೆ ಇಟ್ಟ.

ಈಗ ಗೋಳಗುಮ್ಮಟಕ್ಕೆ ಬರೋಣ. ಅದರ ಬಗ್ಗೆ ಬರೆಯುವವರೆಲ್ಲ ಪಿಸುಮಾತಿನ ಮೊಗಸಾಲೆಯಲ್ಲೇ ನಿಂತುಬಿಡುತ್ತಾರೆ. ಪ್ರತಿಧ್ವನಿ ಒಳ್ಳೆಯದೇ, ಆದರೆ ಆ ಮೊಗಸಾಲೆ ಅಲ್ಲಿ ಏಕಿದೆ ಎಂದು ಯಾರೂ ಕೇಳುವುದಿಲ್ಲ. ಒಳಗಿನ ಅಂಗಣ ಚೌಕ, ಪ್ರತಿ ಬದಿ ಸುಮಾರು 41 ಮೀಟರ್, ನಡುವೆ ಒಂದೂ ಕಂಬವಿಲ್ಲ. ಪ್ರತಿ ಗೋಡೆಯಲ್ಲಿ ಎರಡರಂತೆ ಎಂಟು ಕಡೆ ಕಮಾನಿನ ಕಾಲುಗಳಿವೆ. ಒಂದು ಗೋಡೆಯ ಮೊದಲ ಕಾಲಿನಿಂದ ಹೊರಟ ಕಮಾನು ಪಕ್ಕದ ಗೋಡೆಯ ಮೊದಲ ಕಾಲಿಗೆ ಇಳಿಯುತ್ತದೆ, ಎರಡನೆಯದರಿಂದ ಹೊರಟದ್ದು ಎರಡನೆಯದಕ್ಕೆ. ಹೀಗೆ ಪ್ರತಿ ಮೂಲೆಯ ಮೇಲೂ ಎರಡು ಕಮಾನುಗಳು ಒಂದನ್ನೊಂದು ಕತ್ತರಿಸುತ್ತವೆ. ಕಾಗದದ ಮೇಲೆ ಗೆರೆ ಎಳೆದು ನೋಡಿ: ಒಂದರ ಮೇಲೊಂದು 45 ಡಿಗ್ರಿ ತಿರುಗಿಸಿಟ್ಟ ಎರಡು ಚೌಕ, ಒಳಗೆ ಎಂಟು ಮೂಲೆಯ ಬಯಲು. ಆ ಬಯಲಿಗೆ ಸುತ್ತ ಅಂಚು ಕಟ್ಟಿ ದುಂಡಾಗಿಸಿದಾಗ ಉಳಿದ ಬಾಯಿ ಸುಮಾರು 97 ಅಡಿ. ಗುಮ್ಮಟದ ಒಳ ಅಗಲ ಮಾತ್ರ 124 ಅಡಿ, ಅಂದರೆ 38 ಮೀಟರ್ ಹತ್ತಿರ. ಗುಮ್ಮಟ ಬಾಯಿಯ ಅಂಚಿನಲ್ಲಿ ಕೂತಿಲ್ಲ, ಹಿಂದೆ ಸರಿದು ಕೂತಿದೆ. ಮುಂದೆ ಉಳಿದ ಜಗುಲಿಯೇ ಮೊಗಸಾಲೆ.

ಇದರಿಂದ ಆಗುವ ಲಾಭವೇನೆಂದರೆ, ಒಳಕ್ಕೆ ಚಾಚಿ ನಿಂತ ಈ ಕಟ್ಟಡದ ರಾಶಿ ತನ್ನ ಭಾರದಿಂದ ಒಳಕ್ಕೆ ಎಳೆಯುತ್ತದೆ, ಗುಮ್ಮಟ ಹೊರಕ್ಕೆ ದೂಡುತ್ತದೆ. ಎರಡೂ ಒಂದನ್ನೊಂದು ತಡೆಯುತ್ತವೆ. ಆದ್ದರಿಂದಲೇ ಸಿನಾನನಂತೆ ಅರ್ಧಗುಮ್ಮಟಗಳ ಸಾಲು ಜೋಡಿಸುವ ಅಗತ್ಯ ಇಲ್ಲಿ ಬೀಳಲಿಲ್ಲ. ಗುಮ್ಮಟದ ಚಿಪ್ಪೂ ಸುಮಾರು 3 ಮೀಟರ್ ದಪ್ಪ. ಇಟ್ಟಿಗೆಯನ್ನು ಅಡ್ಡ ಸಾಲುಗಳಲ್ಲಿ ಇಟ್ಟು ನಡುವೆ ದಪ್ಪನೆ ಸುಣ್ಣದ ಗಾರೆ ತುಂಬಿದ್ದು, ಒಣಗಿದ ಮೇಲೆ ಒಂದೇ ಗಟ್ಟಿಯಂತೆ ಕೆಲಸ ಮಾಡುತ್ತದೆ. ಈ ಉಪಾಯ ದಿಢೀರನೆ ಬಂದದ್ದೂ ಅಲ್ಲ. ಅದೇ ಊರಿನ ಜಾಮಿ ಮಸೀದಿಯಲ್ಲಿ, 16ನೇ ಶತಮಾನದಲ್ಲೇ, ಚಿಕ್ಕ ಅಳತೆಯಲ್ಲಿ ಇದನ್ನು ಪಳಗಿಸಿಕೊಂಡಿದ್ದರು.

ಗೋಳಗುಮ್ಮಟ 1656ರದು, ತಾಜ್ ಮಹಲಿನ ಕೆಲಸ ಶುರುವಾದದ್ದು 1632ರಲ್ಲಿ. ಹೆಚ್ಚುಕಡಿಮೆ ಒಂದೇ ತಲೆಮಾರು, ಹಾದಿ ಮಾತ್ರ ತದ್ವಿರುದ್ಧ. ತಾಜಿನಲ್ಲಿ ಎರಡು ಚಿಪ್ಪು: ಒಳಗೆ ನಿಂತವನ ಕಣ್ಣಳತೆಗೆ ತಕ್ಕ ತಗ್ಗಿನ ಗುಮ್ಮಟ, ಅದರ ಮೇಲೆ ಬಹಳ ಎತ್ತರದಲ್ಲಿ ದೂರದಿಂದ ನೋಡುವವನಿಗಾಗಿ ಇನ್ನೊಂದು, ನಡುವೆ ಟೊಳ್ಳು. ಇದು ತೈಮೂರರ, ಅಂದರೆ ತೈಮೂರನ ವಂಶದವರ, ಬಳುವಳಿ. ಸಮರ್‌ಕಂದಿನ ಗೂರ್-ಎ-ಅಮೀರಿನಿಂದ (ತೈಮೂರನ ಗೋರಿ) ದಿಲ್ಲಿಯ ಹುಮಾಯೂನ್ ಗೋರಿಯ ಮೂಲಕ ಆಗ್ರಾಕ್ಕೆ ಇಳಿದದ್ದು. ಆದಿಲ್ ಶಾಹಿಗಳು ಒಂದೇ ಚಿಪ್ಪು ಕಟ್ಟಿ ಒಳಗಿನ ಜಾಗವನ್ನು ಪೂರ್ತಿ ಬಿಟ್ಟುಕೊಟ್ಟರು. ಇಬ್ಬರದನ್ನೂ ‘ಅದೇ ಶೈಲಿ’ ಎನ್ನುವುದು ಇಬ್ಬರಿಗೂ ಅನ್ಯಾಯ.

ಕಮಾನಿನ ಬಗ್ಗೆಯೂ ಒಂದು ಮಾತು. ದಿಲ್ಲಿಯ ಕುವ್ವತುಲ್ ಇಸ್ಲಾಂ ಮಸೀದಿಯ ಮುಂಗೋಡೆಯಲ್ಲಿ (12ನೇ ಶತಮಾನದ ಕೊನೆ) ಕಾಣುವ ಚೂಪು ಕಮಾನುಗಳು ಆಕಾರಕ್ಕೆ ಮಾತ್ರ ಕಮಾನು. ಸ್ಥಳೀಯ ಶಿಲ್ಪಿಗಳು ತಮಗೆ ಗೊತ್ತಿದ್ದಂತೆ ಅಡ್ಡ ಸಾಲುಗಳನ್ನು ಒಂದಕ್ಕಿಂತ ಒಂದು ಮುಂದೆ ಚಾಚಿ, ಕೊನೆಗೆ ಅಂಚು ಕೆತ್ತಿ ಆ ರೂಪ ತಂದರು. ನಿಜವಾದ ಕಮಾನಿನಲ್ಲಿ ಕಲ್ಲಿನ ಸಂದುಗಳು ಬಾಗಿನ ಕೇಂದ್ರದ ಕಡೆಗೆ ಮುಖ ಮಾಡಿರುತ್ತವೆ, ಇಲ್ಲಿ ಅಡ್ಡಲಾಗಿಯೇ ಇವೆ. 1311ರ ಅಲಾಯಿ ದರ್ವಾಜಾ ಹೊತ್ತಿಗೆ ಎರಡೂ ಕಲಿತಾಗಿತ್ತು: ಕಮಾನೂ ನಿಜದ್ದು, ಗುಮ್ಮಟದ ಮೂಲೆಗಳಲ್ಲಿ ಸ್ಕ್ವಿಂಚೂ ಇದೆ. ಸಂದು ಕಾಣುವಂಥ ಒಂದು ಹತ್ತಿರದ ಫೋಟೊ ಹಾಕಿದರೆ ಇಷ್ಟು ವಿವರಣೆಯೇ ಬೇಡ.

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ (1367) ‘ಸ್ಪೇನಿನ ಕೊರ್ಡೊಬಾ ಮಸೀದಿಯ ನಕಲು’ ಎಂಬ ಮಾತೂ ಪುರವಣಿಯಿಂದ ಪುರವಣಿಗೆ ಹರಿದು ಬರುತ್ತಿದೆ. ಎರಡಕ್ಕೂ ಹೋಲಿಕೆ ತರುವಂಥದ್ದು ಕಮಾನುಗಳ ಸಾಲು, ಅಷ್ಟೇ. ಕೊರ್ಡೊಬಾದಲ್ಲಿ ಹಳೆಯ ಕಟ್ಟಡಗಳಿಂದ ತಂದ ಕಂಬಗಳು ಗಿಡ್ಡವಾಗಿದ್ದವು, ಸೂರು ಎತ್ತರಕ್ಕೆ ಹೋಗಬೇಕಿತ್ತು. ಅದಕ್ಕೇ ಕಮಾನಿನ ಮೇಲೆ ಕಮಾನು, ಅದರ ಮೇಲೆ ಮರದ ಸೂರು. ಕಲಬುರಗಿಯಲ್ಲಿ ತಗ್ಗಿನಿಂದಲೇ ಏಳುವ ಅಗಲವಾದ ಕಮಾನುಗಳ ಮೊಗಸಾಲೆ, ಒಳಗೆ ದಪ್ಪ ಕಂಬಗಳ ಮೇಲೆ ಸಾಲು ಸಾಲು ಸಣ್ಣ ಗುಮ್ಮಟ. ಭಾರ ಹೊರುವ ಬಗೆ ಎರಡರಲ್ಲೂ ಬೇರೆ ಬೇರೆ. ಕಟ್ಟಿದವನು ಕಜ್ವೀನ್ ಮೂಲದ ರಫಿ ಎಂದು ಶಾಸನವೇ ಹೇಳುತ್ತದೆ. ಅಂದಮೇಲೆ ನಂಟು ಹುಡುಕಬೇಕಾದದ್ದು ಇರಾನಿನ ಕಡೆ.

ಮುಕರ್ನಸ್ ಎಂಬ ಜೇನುಗೂಡಿನಂಥ ಅಲಂಕಾರ ‘ಗುಮ್ಮಟವನ್ನು ಹೊತ್ತು ನಿಂತಿದೆ’ ಎಂದೂ ಆಗಾಗ ಅಚ್ಚಾಗುತ್ತದೆ. ಗ್ರನಾಡಾದ ಅಲ್ಹಂಬ್ರಾದಲ್ಲಿ ಅದು ಗಾರೆಯ ಸಾವಿರಾರು ತುಂಡು ಜೋಡಿಸಿ ಮಾಡಿದ ಒಳಮುಸುಕು, ಕಟ್ಟಡದ ಭಾರ ಹೊರುವುದಿಲ್ಲ. ಅಲ್-ಕಾಶಿ 1427ರಲ್ಲಿ ಮುಗಿಸಿದ ಗಣಿತ ಗ್ರಂಥದಲ್ಲಿ ಮುಕರ್ನಸ್‌ನ ಮೇಲ್ಮೈ ಅಳೆಯುವ ಲೆಕ್ಕವೂ ಇದೆ.

ಇನ್ನು ನೀಲಿ ಹೆಂಚು. ‘ಪರ್ಷಿಯನ್ ಟೈಲ್ಸ್’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಇವು ಕನಿಷ್ಠ ಮೂರು ಬೇರೆ ಕೆಲಸ. ಇರಾನಿನ ಕಾಶಾನ್ ಊರಿನ ಕುಂಬಾರ ಮನೆತನದ ಅಬುಲ್ ಕಾಸಿಂ 1301ರಲ್ಲಿ ಬರೆದಿಟ್ಟ ಹದ ಹೀಗಿದೆ: ಪುಡಿ ಮಾಡಿದ ಬೆಣಚುಕಲ್ಲು 10 ಪಾಲು, ಗಾಜಿನ ಪುಡಿ 1 ಪಾಲು, ಬಿಳಿ ಜೇಡಿ 1 ಪಾಲು. ಮಣ್ಣಿಗಿಂತ ಕಲ್ಲೇ ಹೆಚ್ಚಿರುವ ಈ ಮೈ ಬೆಳ್ಳಗಿರುತ್ತದೆ, ಬಣ್ಣ ಎದ್ದು ಕಾಣುತ್ತದೆ. ಜೇಡಿ ಕಡಿಮೆಯಾದ್ದರಿಂದ ಹಸಿಯಲ್ಲಿ ಹಿಡಿತವಿಲ್ಲ, ತಿಗರಿಯ ಮೇಲೆ ಎತ್ತುವುದು ಕಷ್ಟ. ಮೈಯೂ ಮೆರುಗೂ ತಣಿಯುವಾಗ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಮೆರುಗಿನಲ್ಲಿ ಕೂದಲೆಳೆ ಬಿರುಕು ಬೀಳುತ್ತದೆ.

ತೈಮೂರರ ಕಾಲದ ಒಳ್ಳೆಯ ಕೆಲಸ ಕತ್ತರಿಸಿ ಜೋಡಿಸಿದ್ದು. ಪ್ರತಿ ಬಣ್ಣದ ಹೆಂಚನ್ನು ಅದಕ್ಕೆ ತಕ್ಕ ಬಿಸಿಯಲ್ಲಿ ಬೇರೆಯಾಗಿ ಸುಟ್ಟು, ಕಾಗದದ ಅಚ್ಚು ಅಂಟಿಸಿ ತುಂಡು ಮಾಡುತ್ತಾರೆ. ಪ್ರತಿ ತುಂಡಿನ ಅಂಚನ್ನು ಹಿಂದಕ್ಕೆ ಓರೆಯಾಗಿ ತಟ್ಟಬೇಕು, ಇಲ್ಲದಿದ್ದರೆ ಮುಂಭಾಗದಲ್ಲಿ ಸಂದು ಬಿಡುತ್ತದೆ. ಮುಖ ಕೆಳಗೆ ಮಾಡಿ ಜೋಡಿಸಿ, ಬೆನ್ನಿಗೆ ಜಿಪ್ಸಂ ಹೊಯ್ದು, ಹಲಗೆಯಂತೆ ಎತ್ತಿ ಗೋಡೆಗೆ ಕೂರಿಸುತ್ತಾರೆ. ಸಫಾವಿ ಶಾ ಅಬ್ಬಾಸನಿಗೆ ಅಷ್ಟು ತಾಳ್ಮೆ ಇರಲಿಲ್ಲ. 1611ರಲ್ಲಿ ಶುರುವಾದ ಇಸ್ಫಹಾನಿನ ಶಾ ಮಸೀದಿಯ ಬಹುಭಾಗಕ್ಕೆ ಒಂದೇ ಹೆಂಚಿನ ಮೇಲೆ ಎಲ್ಲ ಬಣ್ಣ ಬಳಿದು, ನಡುವೆ ಜಿಡ್ಡು ಬೆರೆಸಿದ ಮ್ಯಾಂಗನೀಸ್ ಗೆರೆ ಎಳೆದು, ಒಮ್ಮೆಗೇ ಸುಟ್ಟರು. ಕೆಲಸ ಬೇಗ ಮುಗಿಯಿತು. ಆದರೆ ಎಲ್ಲ ಬಣ್ಣಕ್ಕೂ ಒಂದೇ ಬಿಸಿ, ಹಾಗಾಗಿ ಯಾವುದೂ ತನ್ನ ಪೂರ್ಣ ಹೊಳಪಿಗೆ ಬರುವುದಿಲ್ಲ. ಇಜ್ನಿಕ್‌ನ ಆಟೊಮನ್ ಹೆಂಚು ಮೂರನೆಯದು: ಮೆರುಗಿನ ಕೆಳಗೆ ಕುಂಚದ ಕೆಲಸ, ಕಬ್ಬಿಣದ ಅಂಶವಿರುವ ಕೆಂಪು ಮಣ್ಣನ್ನು ದಪ್ಪಗೆ ಬಳಿದು ತಂದ ಕೆಂಪು. ಬೆರಳಾಡಿಸಿದರೆ ಆ ಕೆಂಪು ಉಬ್ಬಿರುವುದು ತಿಳಿಯುತ್ತದೆ. ಹದ ತಪ್ಪಿದರೆ ಕಂದಾಗುತ್ತದೆ.

ಬೀದರಿನ ಮಹಮೂದ್ ಗವಾನ್ ಮದರಸಾದ (1472) ಹೆಂಚು ಕತ್ತರಿಸಿ ಜೋಡಿಸುವ ಈ ಇರಾನಿ ಪರಂಪರೆಗೆ ಸೇರಿದ್ದು. ಒಣ ನಾಡಿನಲ್ಲಿ ಹುಟ್ಟಿದ ಕೆಲಸ, ಇಲ್ಲಿ ಪ್ರತಿ ವರ್ಷ ಮಳೆ ತಿನ್ನುತ್ತದೆ. ಇಂಥ ಕೆಲಸ ಕೆಡುವುದು ಮುಂದಿನಿಂದಲ್ಲ, ಬೆನ್ನಿನಿಂದ. ಗೋಡೆಯ ನೆತ್ತಿಯಲ್ಲಿ ಬಿರುಕು ಬಿಟ್ಟು ನೀರು ಹಿಂದೆ ಇಳಿದರೆ ಗಾರೆ ಸಡಿಲವಾಗುತ್ತದೆ, ಉಪ್ಪು ಹರಳುಗಟ್ಟಿ ಹೆಂಚನ್ನು ಹೊರಕ್ಕೆ ನೂಕುತ್ತದೆ. ಮೇಲಿಂದ ಸಿಮೆಂಟ್ ಗಿಲಾವು ಹಾಕಿದರೆ ಗೋಡೆಯ ತೇವ ಆವಿಯಾಗಲು ದಾರಿ ಸಿಗದೆ ಹಳೆಯ ಸುಣ್ಣದ ಗಾರೆಯತ್ತಲೇ ತಿರುಗುತ್ತದೆ. ದುರಸ್ತಿಯ ಸುದ್ದಿ ಮಾಡುವಾಗ ‘ಕೋಟಿ ರೂಪಾಯಿ ಕಾಮಗಾರಿ’ ಎಂದಷ್ಟೇ ಬರೆಯದೆ, ಬಳಸಿದ್ದು ಸುಣ್ಣವೋ ಸಿಮೆಂಟೋ, ಮೇಲಿನ ನೀರು ಹೋಗಲು ಏನು ಮಾಡಿದ್ದಾರೆ ಎಂದು ವರದಿಗಾರರು ಕೇಳಲಿ.

ನಮ್ಮ ಕೋರಿಕೆ ಚಿಕ್ಕದು. ಇಂಥ ಬರಹದ ಜೊತೆ ಹೊರಗಿನ ಸೂರ್ಯಾಸ್ತದ ಚಿತ್ರ ಒಂದಿದ್ದರೆ, ಗುಮ್ಮಟದ ಕೆಳಗೆ ನಿಂತು ಮೂಲೆಯ ಕಡೆ ಕ್ಯಾಮೆರಾ ಎತ್ತಿ ತೆಗೆದದ್ದೂ ಒಂದಿರಲಿ. ಜೊತೆಗೆ ಅಂಗೈ ಅಗಲದ ನೆಲನಕ್ಷೆ. ಚಿತ್ರದ ಅಡಿಬರಹದಲ್ಲಿ ‘ಇಸ್ಲಾಮಿಕ್ ಶೈಲಿ’ ಎಂಬುದರ ಜಾಗಕ್ಕೆ ಕಟ್ಟಿಸಿದ ಮನೆತನ, ವರ್ಷ, ಸಾಮಗ್ರಿ, ಮೂಲೆಯನ್ನು ತುಂಬಿದ ಬಗೆ ಈ ನಾಲ್ಕು ಬರಲಿ.

ಇತಿ,
ಹಳೆಯ ಕಟ್ಟಡಗಳ ಅಭ್ಯಾಸಿ ಓದುಗರು