ಸಂದರ್ಶನದ ಆ 30 ಅಂಕ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಿಯಮ ತಮಗೆ ಗೊತ್ತೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪಿಎಚ್‌.ಡಿ ಪ್ರವೇಶದಲ್ಲಿ ಲಿಖಿತ ಪರೀಕ್ಷೆಗೆ 70, ಸಂದರ್ಶನಕ್ಕೆ 30. ಜಾತಿ ಕೂತಿರುವುದು ಆ ಮೂವತ್ತರಲ್ಲಿ. ಮನವಿ ಕೊಟ್ಟೂ ಕೊಟ್ಟೂ ಸಾಕಾಗಿದೆ.

ಲೆಕ್ಕ ನೋಡಿ. ಲಿಖಿತದಲ್ಲಿ ಒಬ್ಬರಿಗೆ 52, ಇನ್ನೊಬ್ಬರಿಗೆ 41. ಒಳಗೆ ಹತ್ತು ನಿಮಿಷ ಮಾತು. ಮೊದಲಿನವರಿಗೆ 6, ಎರಡನೆಯವರಿಗೆ 26. ಒಟ್ಟು 58, 67. ಹನ್ನೊಂದು ಅಂಕ ಮುಂದಿದ್ದವರು ಒಂಬತ್ತು ಅಂಕ ಹಿಂದೆ! ಯಾಕೆ ಆರು? ನಡಾವಳಿಯಲ್ಲಿ ಒಂದಕ್ಷರವಿಲ್ಲ. ಜಾತಿ ಪ್ರಮಾಣಪತ್ರ ಸೇರಿದ ಇಡೀ ಕಡತ ಸಮಿತಿಯ ಮೇಜಿನ ಮೇಲಿರುತ್ತದೆ. "ಯಾವೂರು, ಅಪ್ಪ ಏನ್ಮಾಡ್ತಾರೆ" ಎಂದೇ ಶುರು. ಅಭ್ಯರ್ಥಿ ಹೊರಗೆ ಹೋದ ಮೇಲೆ ಹಿರಿಯರೊಬ್ಬರು ಅಂಕ ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಮೊದಲು ಪೆನ್ಸಿಲ್ಲು, ಲಿಖಿತದ ಅಂಕ ಕೂಡಿಸಿ ನೋಡಿದ ಮೇಲೆ ಪೆನ್ನು. ನಡುವೆ ರಬ್ಬರು.

ತಲೆಯಾಡಿಸಿದ ವಿದ್ವಾಂಸರೇ ಏಪ್ರಿಲ್ 14ಕ್ಕೆ ಸಾಮಾಜಿಕ ನ್ಯಾಯದ ಮೇಲೆ ಒಂದು ಗಂಟೆ ಮಾತಾಡುತ್ತಾರೆ. ಮಾತಾಡಲಿ. 'ಈ ಆರು ಅಂಕಕ್ಕೆ ನನ್ನ ಒಪ್ಪಿಗೆಯಿಲ್ಲ' ಎಂದು ನಡಾವಳಿಯಲ್ಲಿ ಒಂದು ಸಾಲು ಬರೆಯಲು ಮಾತ್ರ ಅವರ ಪೆನ್ನಿನಲ್ಲಿ ಮಸಿ ಇರುವುದಿಲ್ಲ.

ಇದು ಬರೀ ನಮ್ಮ ಗುಮಾನಿಯಲ್ಲ. ದೆಹಲಿಯ ಜೆಎನ್‌ಯುದಲ್ಲಿ ಅಬ್ದುಲ್ ನಾಫೆ ಸಮಿತಿ 2016ರಲ್ಲಿ ಲಿಖಿತ ಮತ್ತು ಮೌಖಿಕ ಅಂಕಗಳನ್ನು ಎದುರುಬದುರು ಇಟ್ಟು ನೋಡಿ, ತಾರತಮ್ಯ ಕಾಣುತ್ತಿದೆ, ಮೌಖಿಕದ 30 ಅಂಕವನ್ನು 15ಕ್ಕೆ ಇಳಿಸಿ ಎಂದಿತ್ತು.

'ದೂರೇ ಬಂದಿಲ್ಲ' ಎಂಬ ಉತ್ತರ ದಯವಿಟ್ಟು ಬೇಡ. ಯುಜಿಸಿಯ 2012ರ ನಿಯಮದಲ್ಲಿ ಸಮಾನ ಅವಕಾಶ ಕೋಶವಿದೆ, ತಾರತಮ್ಯ ತಡೆ ಅಧಿಕಾರಿ ಇದ್ದಾರೆ, ದೂರು ಇತ್ಯರ್ಥಕ್ಕೆ 60 ದಿನದ ಗಡುವೂ ಇದೆ. ಆದರೆ ಸಂದರ್ಶನ ಮಾಡಿದವರೇ ನಾಳೆ ಗೈಡ್. ಫೆಲೋಶಿಪ್ ಬಿಲ್ಲು, ಪ್ರಗತಿ ವರದಿ, ಪ್ರಬಂಧ ಸಲ್ಲಿಕೆ, ಎಲ್ಲಕ್ಕೂ ಅವರ ಸಹಿ ಬೇಕು. ಯಾರು ದೂರು ಕೊಟ್ಟಾರು?

ನಾವು ಕೇಳುವುದಿಷ್ಟೇ. ಪ್ರತಿ ಸದಸ್ಯರೂ ಬೇರೆ ಬೇರೆ ಹಾಳೆಯಲ್ಲಿ ಅಂಕ ಬರೆದು ಸಹಿ ಹಾಕಲಿ. ಲಿಖಿತದ ಅಂಕ ತೆರೆಯುವ ಮೊದಲೇ ಲಕೋಟೆ ಮುಚ್ಚಲಿ. ಜಾತಿಯ ಕಾಗದ ಕಚೇರಿಯಲ್ಲೇ ಇರಲಿ, ಮೀಸಲಾತಿ ಪಟ್ಟಿಯನ್ನು ಅಂಕ ಬಂದ ಮೇಲೆ ಕಚೇರಿಯೇ ಮಾಡಲಿ. (ಹೆಸರು, ಮುಖ, ಮಾತಿನ ಧಾಟಿ ಮುಚ್ಚಲಾಗದು, ನಿಜ. ಅದಕ್ಕೇ ಬೇರೆ ಹಾಳೆ: ಯಾರು ಎಷ್ಟು ಕೊಟ್ಟರೆಂದು ಉಳಿಯುತ್ತದೆ.) 10ಕ್ಕಿಂತ ಕಡಿಮೆ ಅಥವಾ 25ಕ್ಕಿಂತ ಹೆಚ್ಚು ಕೊಟ್ಟವರು ಕಾರಣ ಬರೆಯಲಿ. ಕೊನೆಗೆ ಲಿಖಿತ, ಸಂದರ್ಶನ, ಪ್ರವರ್ಗ ಎಂಬ ಮೂರು ಕಾಲಂ ನೋಟಿಸ್ ಬೋರ್ಡಿಗೆ ಬರಲಿ.

ಹೊಸ ಕಾನೂನು ಬೇಡ. ಒಂದು ಸುತ್ತೋಲೆ ಸಾಕು, ಮುಂದಿನ ಸಂದರ್ಶನಕ್ಕೆ ಮೊದಲು ಹೊರಡಿಸಿ. ಬೇರೆ ಹಾಳೆ, ಮುಚ್ಚಿದ ಲಕೋಟೆ. ಮತ್ತೆ ಹೇಳುತ್ತೇವೆ: ಬೇರೆ ಹಾಳೆ, ಮುಚ್ಚಿದ ಲಕೋಟೆ. ಲಕೋಟೆಗೆ ಅನುದಾನವಿಲ್ಲವಾದರೆ ತಿಳಿಸಿ, ನಾವೇ ತಂದುಕೊಡುತ್ತೇವೆ.

ಇಂತಿ,
ಸಂಶೋಧನಾ ವಿದ್ಯಾರ್ಥಿಗಳು ಮತ್ತು ಕೆಲವು ಅಧ್ಯಾಪಕರು