ಬಿಚ್ಚುವ ಮುನ್ನ ಪರೀಕ್ಷಿಸುವುದನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಕಾರಿನ ಸಣ್ಣಪುಟ್ಟ ದೋಷಗಳನ್ನು ಮನೆಯಲ್ಲೇ ಸರಿಪಡಿಸಿಕೊಳ್ಳುವ ಬಗ್ಗೆ ಬರುವ ಸಲಹೆಗಳಲ್ಲಿ ಬಹುಪಾಲು, ಯಾವ ಭಾಗವನ್ನು ಹೇಗೆ ಬಿಚ್ಚಬೇಕು, ಹೇಗೆ ಬದಲಿಸಬೇಕು ಎಂಬುದಕ್ಕೇ ಸೀಮಿತವಾಗಿರುತ್ತವೆ. ಕೆಟ್ಟಿರುವುದು ಅದೇ ಭಾಗವೇ ಎಂದು ಖಚಿತಪಡಿಸಿಕೊಳ್ಳುವ ಬಗೆಯನ್ನು ಹೇಳುವವರು ಕಡಿಮೆ. ಇದನ್ನು ನಾನು ಕೈಯಿಂದ ದುಡ್ಡು ತೆತ್ತು ಕಲಿತಿದ್ದೇನೆ.

ಒಂದು ಬೆಳಿಗ್ಗೆ ಕೀ ತಿರುಗಿಸಿದಾಗ ‘ಟಕ್’ ಎಂಬ ಸದ್ದಷ್ಟೇ ಬಂದು ಎಂಜಿನ್ ಸುಮ್ಮನಾಯಿತು. ಬ್ಯಾಟರಿಯೇ ಹೋಗಿದೆ ಎಂದು ತೀರ್ಮಾನಿಸಿ ಹೊಸದನ್ನು ತಂದು ಹಾಕಿದೆ. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ‘ಟಕ್’. ಬಾನೆಟ್ ಎತ್ತಿ ಕಣ್ಣಿಟ್ಟು ನೋಡಿದರೆ, ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ಲಿಗೆ ವೈರನ್ನು ಹಿಡಿಸುವ ಕ್ಲ್ಯಾಂಪ್ ಒಳಬದಿಯಲ್ಲಿ ಬಿಳಿ-ಹಸಿರು ಪುಡಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಬೆರಳಲ್ಲಿ ಹಿಡಿದರೆ ಕ್ಲ್ಯಾಂಪ್ ಅಲುಗಾಡುತ್ತಿತ್ತು. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ, ನೀರಿನಲ್ಲಿ ಕರಗಿಸಿದ ಅಡುಗೆ ಸೋಡಾದಿಂದ ಉಜ್ಜಿ, ಒಣಗಿಸಿ, ಈ ಬಾರಿ ಪಾಸಿಟಿವ್ ಅನ್ನೇ ಮೊದಲು ಬಿಗಿದೆ. ಕಾರು ಒಂದೇ ಸೆಲ್ಫಿಗೆ ಚಾಲೂ ಆಯಿತು. ಹಳೆಯ ಬ್ಯಾಟರಿಯಲ್ಲಿ ಇನ್ನೆಷ್ಟು ಜೀವವಿತ್ತೋ, ಅದನ್ನು ಅಂಗಡಿಗೆ ಕೊಟ್ಟು ಬಂದಾಗಿತ್ತು.

ವೋಲ್ಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಇದ್ದಿದ್ದರೆ ಈ ನಷ್ಟ ತಪ್ಪುತ್ತಿತ್ತು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಅದು ಪೂರ್ತಿ ಚಾರ್ಜ್ ಆಗಿದೆ ಎಂದೂ, 12ರ ಆಸುಪಾಸಿಗೆ ಇಳಿದಿದ್ದರೆ ಬಹುತೇಕ ಬರಿದಾಗಿದೆ ಎಂದೂ ತಿಳಿಯಬಹುದು. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಮೀಟರ್ 12ರಲ್ಲೇ ನಿಂತಿದ್ದರೆ ಬ್ಯಾಟರಿಗಿಂತ ಮೊದಲು, ಓಡುವಾಗ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ ಅನುಮಾನ ಪಡಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಕಂಬಕ್ಕೂ ಇನ್ನೊಂದನ್ನು ಅದನ್ನು ಹಿಡಿದ ಕ್ಲ್ಯಾಂಪಿಗೂ ಇಟ್ಟು, ಬೇರೊಬ್ಬರಿಂದ ಸೆಲ್ಫ್ ಹೊಡೆಸಿದಾಗ ಅಂಕಿ ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟಿನಷ್ಟು ತೋರಿದರೂ ದೋಷ ಆ ಕೂಡುವಿಕೆಯಲ್ಲೇ ಇದೆ. ನನ್ನ ಕಾರಿನಲ್ಲಿ ಇದ್ದದ್ದೂ ಇದೇ.

ಕಾರಿನ ಕೆಳಗೆ ನೀರು ಕಂಡು ಗಾಬರಿಯಾಗುವವರೂ ಒಂದು ಬಿಳಿ ಕಾಗದವನ್ನು ಅಡಿಗೆ ಹಾಸಿ ನೋಡಬಹುದು. ಬಣ್ಣವಿಲ್ಲದ ತಿಳಿನೀರಾದರೆ ಅದು ಏಸಿಯದು, ಚಿಂತೆಯಿಲ್ಲ. ಹಸಿರು ಅಥವಾ ಗುಲಾಬಿ ಬಣ್ಣವಿದ್ದು ಸಿಹಿ ವಾಸನೆ ಬಂದರೆ ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಸೋರುತ್ತಿದೆ. ಇನ್ನು ಫ್ಯೂಸು ಹೋದರೆ ಅಷ್ಟೇ ಆಂಪಿಯರಿನದನ್ನು ಹಾಕಬೇಕು. ಹಾಕಿದ್ದೂ ಮತ್ತೆ ಹೋದರೆ ಎಲ್ಲೋ ಶಾರ್ಟ್ ಆಗಿದೆ ಅಥವಾ ಯಾವುದೋ ಭಾಗ ಮಿತಿಮೀರಿ ಕರೆಂಟ್ ಎಳೆಯುತ್ತಿದೆ ಎಂದೇ ಅರ್ಥ. ಆಗ 10ರ ಜಾಗಕ್ಕೆ 20ರ ಫ್ಯೂಸು ಅಥವಾ ತಂತಿ ತುರುಕಿದರೆ ಫ್ಯೂಸಿನ ಬದಲು ವೈರಿಂಗೇ ಉರಿದುಹೋಗಬಹುದು.

ಎಲ್ಲಿ ಕೈ ನಿಲ್ಲಿಸಬೇಕೆಂಬುದನ್ನಂತೂ ಸಲಹೆಗಾರರು ಕೊನೆಯ ಸಾಲಿಗೆ ತಳ್ಳುತ್ತಾರೆ, ಅಥವಾ ಬಿಟ್ಟೇಬಿಡುತ್ತಾರೆ. ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆರೆದರೆ, ಒತ್ತಡದಲ್ಲಿ 100 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಿರುವ ನೀರು ಮುಖಕ್ಕೇ ಚಿಮ್ಮುತ್ತದೆ. ಜಾಕಿಯೊಂದರ ಮೇಲೆ ಎತ್ತಿದ ಕಾರಿನಡಿಗೆ ಯಾವ ಕಾರಣಕ್ಕೂ ನುಗ್ಗಬಾರದು. ಜಾಕಿ ಇರುವುದು ಸ್ಟೆಪ್ನಿ ಬದಲಿಸಲು ಮಾತ್ರ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುತ್ತಾ ಪರೀಕ್ಷಿಸುವುದು, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕಾರಣ, ಪ್ರಾಣಕ್ಕೇ ಕುತ್ತು. ಬ್ರೇಕ್ ಮತ್ತು ಏರ್‌ಬ್ಯಾಗಿನ ಕೆಲಸವನ್ನು ಬಲ್ಲ ಮೆಕ್ಯಾನಿಕ್‌ಗೇ ಬಿಡುವುದರಲ್ಲಿ ಅವಮಾನವೇನೂ ಇಲ್ಲ.

ಆದ್ದರಿಂದ ಇಂಥ ಮಾಹಿತಿಯನ್ನು ತಾವು ಪ್ರಕಟಿಸುವಾಗ, ಪ್ರತಿ ದೋಷಕ್ಕೂ ಅದನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಮೊದಲಿಗೆ, ಮನೆಯಲ್ಲಿ ಮಾಡಬಾರದ್ದನ್ನು ಅದರ ಪಕ್ಕದಲ್ಲೇ, ಬಿಚ್ಚಿ ಬದಲಿಸುವ ವಿಧಾನವನ್ನು ಆಮೇಲೆ ಅಚ್ಚು ಮಾಡಬೇಕೆಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗ